ಸಾಲಿನ ಕೊನೆಯ ಬಾವಿ

ಹೊಳೆಯ ಆಚೆ ದಡದಲ್ಲಿ, ಹೊಂಗೆ ತೋಪಿನ ನೆರಳಿನಲ್ಲಿ ಕಾತ್ಯಾಯಿನಮ್ಮನವರ ಆಶ್ರಮ. ಅಲ್ಲಿ ಮಂತ್ರ ಕಲಿಸುತ್ತಿರಲಿಲ್ಲ. ಅಂಕಿ ಓದುವುದನ್ನು ಕಲಿಸುತ್ತಿದ್ದರು.

ಅಮ್ಮನವರು ಯಾವುದೋ ದೊಡ್ಡ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿ, ಸಾಕೆನಿಸಿ ಇಲ್ಲಿಗೆ ಬಂದವರು. ಶಿಷ್ಯರು ಬೆಳಿಗ್ಗೆ ಅಂಗಳ ಗುಡಿಸಿ, ಬಾವಿಯಿಂದ ನೀರು ಸೇದಿ, ಆಮೇಲೆ ಚಾಪೆ ಹಾಸಿಕೊಂಡು ಲ್ಯಾಪ್‌ಟಾಪ್ ತೆರೆಯುತ್ತಿದ್ದರು. ಆರ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಅಂಕಿಗಳ ಪಟ್ಟಿಯನ್ನು ತಿದ್ದಿ ತೀಡಿ, ಅದರಿಂದ ಚಿತ್ರ ಬರೆಸುವುದು ಅವರ ವಿದ್ಯೆ.

ಶಿಷ್ಯರಲ್ಲಿ ನಿಜಗುಣ ಚುರುಕು. ಆದರೆ ಸಂಶಯ ಪಿಶಾಚಿ. ಅಡುಗೆಯ ಗೌರಜ್ಜಿ ಬಡಿಸಿದ ಸಾರನ್ನೂ ಮೊದಲು ಮೂಸಿ ನೋಡುವವನು. ಸರಿಯಾಗಿ ಬಂದ ಲೆಕ್ಕವನ್ನೂ ತಿರುಗಿಸಿ ಮುರುಗಿಸಿ ನೋಡುವವನು.

ಈ ವಿದ್ಯೆಗೆ ಅದು ಒಳ್ಳೆಯ ಗುಣವೇ, ಇಲ್ಲ ಅನ್ನುವುದಿಲ್ಲ. ಆದರೆ ಅವನ ಸಂಶಯ ಊರೆಲ್ಲ ಸುತ್ತಿ ಬಂದರೂ ತನ್ನ ಮನೆಯ ಬಾಗಿಲನ್ನು ಮಾತ್ರ ತಟ್ಟುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಸುತ್ತಲಿನ ಹಳ್ಳಿಗಳ ಬಾವಿ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡುವ ಕೆಲಸ ಆಶ್ರಮಕ್ಕೆ ಬಂತು. ಆ ಕಡೆಯ ಮಕ್ಕಳ ಹಲ್ಲು ಹಳದಿಗಟ್ಟುತ್ತಿತ್ತು, ದೊಡ್ಡವರ ಮಂಡಿ ಹಿಡಿದುಕೊಳ್ಳುತ್ತಿತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯುವುದಕ್ಕೆ ಬೇಡ.

ಬಾವಿಯಿಂದ ಬಾವಿಗೆ ಅಲೆದು ನೀರು ತಂದವಳು ದಾಕ್ಷಾಯಿಣಿ. ಅವಳೂ ಶಿಷ್ಯೆಯೇ, ನಿಜಗುಣನ ಓರಗೆಯವಳು. ಒಂದೊಂದು ಬಾವಿಗೆ ಒಂದೊಂದು ಬಾಟಲಿ. ಅಲ್ಲೇ ಪರೀಕ್ಷೆ ಮಾಡಿ, ಬಂದ ಅಂಕಿಯನ್ನು ಮೊಬೈಲಿನಲ್ಲಿ ಬರೆಯುತ್ತಿದ್ದಳು. ಆ ಫೈಲು ನೆಟ್ಟಗೆ ನಿಜಗುಣನ ಯಂತ್ರಕ್ಕೆ ಬರುತ್ತಿತ್ತು. ಚಿತ್ರ ಬರೆಸುವುದು ಅವನ ಪಾಲಿನ ಕೆಲಸ.

ನೀರೆಲ್ಲ ಅಳೆದು ಮುಗಿದಿತ್ತು. ಮಾರನೆಯ ದಿನ ಹಳ್ಳಿಗಳ ಹಿರಿಯರೆಲ್ಲ ಬರುವವರಿದ್ದರು. ಶುದ್ಧ ನೀರಿನ ಘಟಕ ಮೊದಲು ಯಾವ ಊರಿಗೆ ಅನ್ನುವುದು ಆ ಚಿತ್ರ ನೋಡಿಯೇ ತೀರ್ಮಾನ.

ನಿಜಗುಣ ಅವತ್ತು ಬೆಳಿಗ್ಗೆ ಸರಾಸರಿ ತೆಗೆಯಲು ಹೋದ. ಯಂತ್ರ ಕೆಲಸ ನಿಲ್ಲಿಸಿ ತಕರಾರು ಮಾಡಿತು. ಈ ಕಾಲಂನಲ್ಲಿ ಇರುವುದು ಅಂಕಿಯಲ್ಲ, ಬರಹ. ಬರಹಕ್ಕೆ ಸರಾಸರಿ ಇಲ್ಲ ಎಂದಿತು.

ನಿಜಗುಣನಿಗೆ ಯಂತ್ರವೆಂದರೂ ಸದರವೇ. ಇದನ್ನೆಲ್ಲ ಅಂಕಿ ಮಾಡು ಎಂದು ಒಂದು ಆಜ್ಞೆ ಕುಟ್ಟಿದ. ಯಂತ್ರ ಸುಮ್ಮನಾಯಿತು. ಬಾವಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ಚಿತ್ರ ಬರೆಸಿದ.

ಚಿತ್ರ ಬಂತು. ನೋಡಿದ ಕೂಡಲೇ ಅವನ ಹುಬ್ಬು ಗಂಟಾಯಿತು.

ಒಂದೊಂದು ಬಾವಿಗೂ ಒಂದೊಂದು ಕಂಬ. ಮೊದಲನೆಯ ಕಂಬಕ್ಕಿಂತ ಎರಡನೆಯದು ಇಷ್ಟು ಎತ್ತರ, ಎರಡನೆಯದಕ್ಕಿಂತ ಮೂರನೆಯದು ಅಷ್ಟೇ ಎತ್ತರ, ಕೊನೆಯತನಕ ಹಾಗೆಯೇ. ಮೇಸ್ತ್ರಿ ದಾರ ಹಿಡಿದು ಕಟ್ಟಿದ ಮೆಟ್ಟಿಲು ನೋಡಿ, ಹಾಗಿತ್ತು. ಮೊದಲನೆಯದೊಂದನ್ನು ಬಿಟ್ಟು ಎಲ್ಲವೂ ಒಂದೂವರೆಯ ಗೆರೆ ದಾಟಿದ್ದವು. ಎಲ್ಲಕ್ಕಿಂತ ಎತ್ತರಕ್ಕೆ, ಸಾಲಿನ ಕೊನೆಯಲ್ಲಿ, ಬಿಳಿಕಲ್ಲಹಟ್ಟಿಯ ಬಾವಿ ನಿಂತಿತ್ತು.

'ನೆಲದ ಒಳಗಿನ ನೀರು ಹೀಗೆ ಮೆಟ್ಟಿಲು ಕಟ್ಟಿಕೊಂಡು ಕೂರುತ್ತಾ?' ಎಂದುಕೊಂಡ. 'ಇದು ಬಾವಿಯಿಂದ ಬಂದದ್ದಲ್ಲ. ತಲೆಯಿಂದ ಬಂದದ್ದು. ಮರದ ಕೆಳಗೆ ಕೂತು ಬರೆದಿದ್ದಾಳೆ.'

ಒಂದು ಸಲ ಸಂಶಯ ಹೊಕ್ಕಿತೆಂದರೆ ಸಾಕ್ಷಿಗೆ ಬರವೇ? ಎದ್ದು ಹೋಗಿ ಬಾಟಲಿಗಳ ಚೀಲ ನೋಡಿದ. ಎಲ್ಲದರ ತಳದಲ್ಲೂ ನೀರಿನ ಪಸೆ ಇತ್ತು. ಒಂದು ಮಾತ್ರ ಒಣಗಿ ಬಣಬಣ ಅನ್ನುತ್ತಿತ್ತು. ಅದರ ಮೇಲಿನ ಚೀಟಿಯಲ್ಲಿ ಬಿಳಿಕಲ್ಲಹಟ್ಟಿ ಎಂದಿತ್ತು.

ಬಾಗಿಲ ಬಳಿ ದಾಕ್ಷಾಯಿಣಿಯ ಚಪ್ಪಲಿ ಕಂಡಿತು. ಹೊಸದು. ಇನ್ನೂ ಅಂಗಡಿಯ ವಾಸನೆ ಹೋಗಿರಲಿಲ್ಲ. ಊರೂರು ಅಲೆದವಳ ಚಪ್ಪಲಿ ಹೀಗಿರುತ್ತದೆಯೇ?

ನಿಜಗುಣ ಲ್ಯಾಪ್‌ಟಾಪ್ ಎತ್ತಿಕೊಂಡು ಹೊಳೆದಂಡೆಗೆ ಹೋದ. ಅಮ್ಮನವರು ಕಲ್ಲಿನ ಮೇಲೆ ಕೂತು ಕಾಲು ನೀರಿಗೆ ಬಿಟ್ಟುಕೊಂಡಿದ್ದರು.

"ಅಮ್ಮ, ಒಂದು ಮಾತು ಹೇಳಬೇಕು. ಹೇಳೋಕೆ ಬೇಜಾರು."

"ಬೇಜಾರಾಗೋ ಮಾತು ಬೇಗ ಹೇಳಿಬಿಡು."

"ದಾಕ್ಷಾಯಿಣಿ ಬರೆದಿರೋದು ಸುಳ್ಳು ಅಂಕಿ."

ಅಮ್ಮ ತಿರುಗಿ ನೋಡಿದರು. ಆಶ್ರಮಕ್ಕೆ ಕಟ್ಟಳೆ ಅಂತ ಇದ್ದದ್ದು ಒಂದೇ. ಸುಳ್ಳು ಅಂಕಿ ಬರೆದವರು ಅವತ್ತೇ ತೆಪ್ಪ ಹತ್ತಿ ಹೊಳೆ ದಾಟಬೇಕು. ತಿರುಗಿ ಬರುವ ಹಾಗಿಲ್ಲ. ದಾಕ್ಷಾಯಿಣಿ ಮನೆಯವರ ಮಾತು ಮೀರಿ ಇಲ್ಲಿಗೆ ಬಂದವಳು. ಸುಳ್ಳಿ ಅನ್ನಿಸಿಕೊಂಡು ಹೋದರೆ ಇನ್ನು ಯಾವ ಊರಿನಲ್ಲೂ ಯಾರೂ ಅವಳ ಅಂಕಿ ನಂಬುವುದಿಲ್ಲ. ಅದು ನಿಜಗುಣನಿಗೂ ಗೊತ್ತಿತ್ತು.

"ಏನು ಸಾಕ್ಷಿ?"

ನಿಜಗುಣ ಚಿತ್ರ ತೋರಿಸಿದ. ಮೆಟ್ಟಿಲ ಮಾತು ಹೇಳಿದ. ಒಣ ಬಾಟಲಿ, ಹೊಸ ಚಪ್ಪಲಿ, ಒಂದೂ ಬಿಡಲಿಲ್ಲ.

ಅಮ್ಮ ಚಿತ್ರವನ್ನು ನೋಡಿದರು. ಆಮೇಲೆ ಅವನ ಪ್ರೋಗ್ರಾಮನ್ನು ಕೆಳಗಿನಿಂದ ಮೇಲಕ್ಕೆ, ತೀರ ಮೊದಲ ಸಾಲಿನತನಕ, ನಿಧಾನವಾಗಿ ಸರಿಸುತ್ತ ಹೋದರು.

"ಅವಳನ್ನ ಕರಿ."

ದಾಕ್ಷಾಯಿಣಿ ಬಂದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ನಿಜಗುಣನಿಗೆ ಅದು ಕಾಣಲಿಲ್ಲ. ಅವನು ಕಣ್ಣುಗಳನ್ನು ನೋಡುತ್ತಿದ್ದ, ತಪ್ಪಿಸಿಕೊಳ್ಳುತ್ತವೋ ಏನೋ ಎಂದು.

"ನೀನು ಬರೆದಿರೋದು ಸುಳ್ಳು ಅಂತಾನೆ ಇವನು," ಅಂದರು ಅಮ್ಮ.

ಅವಳು ನಿಜಗುಣನ ಕಡೆ ತಿರುಗಿದಳು. "ನಾನು ಕಳಿಸಿದ ಫೈಲು ತೆರೆದು ನೋಡಿದೆಯಾ?"

"ಚಿತ್ರ ನೋಡಿದೆ. ಸಾಲದಾ?"

"ಫೈಲು ನೋಡಿದೆಯಾ ಅಂತ ಕೇಳಿದೆ."

"ಚಿತ್ರದಲ್ಲಿ ಎಲ್ಲಾ ಕಾಣುತ್ತೆ."

"ಹಾಗಾದ್ರೆ ಚಿತ್ರವನ್ನೇ ಕೇಳ್ಕೋ. ನನ್ನನ್ಯಾಕೆ ಕೇಳ್ತೀಯ?"

ಅಷ್ಟೇ ಹೇಳಿ ಹೊರಟು ಹೋದಳು. ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು, ನಿಜ. ಆದರೆ ಬಿಸಿಲಲ್ಲಿ ಬೆಂದು ಬಂದವಳು ನೆರಳಲ್ಲಿ ಕೂತವನಿಗೆ ಲೆಕ್ಕ ಒಪ್ಪಿಸಬೇಕು ಅಂದರೆ ಯಾರಿಗೆ ತಾನೇ ಮನಸ್ಸು ಬಂದೀತು?

"ನೋಡಿದ್ರಾ ಅಮ್ಮ, ಉತ್ತರ ಕೊಡದೆ ಹೋದಳು."

"ನೋಡಿದೆ."

"ಮತ್ತೆ?"

"ಊಟ ಆಗಲಿ. ಆಮೇಲೆ ತೆಪ್ಪದವನನ್ನ ಕೂಗೋಣ."

ಅಮ್ಮನವರು ಇಷ್ಟು ತಣ್ಣಗೆ ಹೇಳಿದ್ದು ನಿಜಗುಣನಿಗೆ ಸರಿಬರಲಿಲ್ಲ. ಇವರಿಗೆ ಮೊದಲೇ ಗೊತ್ತಿತ್ತೇ? ಅವಳ ಮೇಲೆ ಮಮತೆ ಜಾಸ್ತಿಯೇ? ಊಟದ ನೆಪದಲ್ಲಿ ಇಬ್ಬರೂ ಏನಾದರೂ ಮಾತಾಡಿಕೊಳ್ಳುತ್ತಾರೆಯೇ? ಅಡುಗೆಮನೆಯ ಕಡೆ ಕಿವಿ ಇಟ್ಟುಕೊಂಡೇ ಕೈಕಾಲು ತೊಳೆದ.

ಅಲ್ಲಿಂದ ಕೇಳಿಸಿದ್ದು ಗೌರಜ್ಜಿಯ ಗೊಣಗಾಟ ಮಾತ್ರ. "ಇದೇನಮ್ಮ, ಇಷ್ಟು ಚಿಕ್ಕ ಮುದ್ದೆ? ಕೂಸಿಗೆ ಕಟ್ಟಿದ ಹಾಗೆ."

"ಚಿಕ್ಕದೇ ಕಟ್ಟು ಗೌರಜ್ಜಿ. ಇವತ್ತು ಎಣಿಸಿ ಬಡಿಸೋದಿದೆ."

ಶಿಷ್ಯರು ಏಳು ಜನ, ಸಾಲಾಗಿ ಕೂತರು. ದಾಕ್ಷಾಯಿಣಿ ಬರುವುದಿಲ್ಲ ಅಂದಿದ್ದಳು. ಅಮ್ಮನೇ ಹೋಗಿ ಕರೆತಂದರು. ತುಸು ದೂರ ಸರಿದು, ಮುಖ ತಗ್ಗಿಸಿ ಕೂತಳು.

ಅಮ್ಮ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟರು. "ಎಷ್ಟು ಮುದ್ದೆ ಬೇಕೋ ಬರೆದುಕೊಡಿ. ಹೆಸರೂ ಹಾಕಿ."

ಇದ್ಯಾವ ಹೊಸ ಪದ್ಧತಿ ಎಂದು ನಿಜಗುಣನಿಗೆ ಅನುಮಾನ. ಆದರೂ ಒಂದೂವರೆ ಎಂದು ಅಂಕಿಯಲ್ಲಿ ಬರೆದ. ಒಬ್ಬ ಅರ್ಧ ಬರೆದ, ಒಬ್ಬಳು ಮುಕ್ಕಾಲು. ತಿಂಡಿಪೋತನೊಬ್ಬ ಮೂರು ಬರೆದು ಗೆರೆ ಎಳೆದ. ದಾಕ್ಷಾಯಿಣಿ ಅಂಕಿ ಬರೆಯಲಿಲ್ಲ. 'ಬೇಡ' ಎಂದು ಬರೆದು ಮಡಚಿ ಕೊಟ್ಟಳು.

ಅಮ್ಮ ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದರು. ಅರ್ಧ ಮೊದಲು, ಆಮೇಲೆ ಮುಕ್ಕಾಲು, ಆಮೇಲೆ ಒಂದು, ಹೀಗೆ ಸಣ್ಣದರಿಂದ ದೊಡ್ಡದಕ್ಕೆ. ಅಂಕಿಗಳೆಲ್ಲ ಮುಗಿದ ಮೇಲೆ, ಕೊನೆಗೆ, 'ಬೇಡ' ಅನ್ನುವ ಚೀಟಿ ಇಟ್ಟರು.

ಬಡಿಸುತ್ತ ಬಂದರು. ಅರ್ಧ ಕೇಳಿದವನಿಗೆ ಒಂದು ಹಾಕಿದರು. ಮುಕ್ಕಾಲು ಕೇಳಿದವಳಿಗೆ ಎರಡು. ನಿಜಗುಣನ ತಟ್ಟೆಗೆ ಒಂದು, ಎರಡು, ಮೂರು, ನಾಲ್ಕು.

"ಅಮ್ಮ, ಸಾಕು. ನಾನು ಕೇಳಿದ್ದು ಒಂದೂವರೆ."

"ನಾಲ್ಕು."

"ಚೀಟಿ ನೋಡಿ, ಒಂದೂವರೆ ಅಂತ ಬರೆದಿದ್ದೀನಿ."

"ನೋಡಿದ್ದೀನಪ್ಪ. ನಿನ್ನ ಚೀಟಿ ನಾಲ್ಕನೇದು. ಅದಕ್ಕೇ ನಾಲ್ಕು."

ಅಮ್ಮ ಮುಂದೆ ಹೋದರು. ಮೂರು ಕೇಳಿದ ತಿಂಡಿಪೋತನಿಗೆ ಆರು ಬಿತ್ತು. ಅವನು ತಕರಾರು ಮಾಡಲಿಲ್ಲ, ಅದು ಬೇರೆ ಮಾತು. ಕೊನೆಗೆ ದಾಕ್ಷಾಯಿಣಿಯ ತಟ್ಟೆಗೆ ಏಳು ಮುದ್ದೆ ಒಂದರ ಮೇಲೊಂದು ಕೂತವು. ಇಡೀ ಪಂಕ್ತಿಯಲ್ಲಿ ಅವಳದೇ ಎತ್ತರದ ರಾಶಿ.

ನಿಜಗುಣನಿಗೆ ತಡೆಯಲಾಗಲಿಲ್ಲ. "ಅವಳು ಬೇಡ ಅಂತ ಬರೆದಿದ್ದಾಳೆ. ಅವಳಿಗೆ ಎಲ್ಲರಿಗಿಂತ ಜಾಸ್ತಿ ಯಾಕೆ?"

"ಅವಳ ಚೀಟಿ ಸಾಲಿನ ಕೊನೆಗಿತ್ತು."

"ಸಾಲಿನಲ್ಲಿ ಎಲ್ಲಿತ್ತು ಅನ್ನೋದಕ್ಕೂ ಹಸಿವಿಗೂ ಏನಮ್ಮ ಸಂಬಂಧ? ಬರೆದಿರೋದನ್ನ ಓದಬೇಕಲ್ವಾ ನೀವು?"

"ಹೌದಲ್ಲವಾ," ಅಂದರು ಅಮ್ಮ. ಅಂದು, ಸಾರಿನ ಪಾತ್ರೆ ಎತ್ತಿಕೊಂಡರು.

ನಿಜಗುಣ ತನ್ನ ತಟ್ಟೆ ನೋಡಿದ. ಆಚೆ ಈಚೆ ನೋಡಿದ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು. ಮೆಟ್ಟಿಲು.

ತಟ್ಟೆ ಬಿಟ್ಟು ಎದ್ದು ಓಡಿದ. ಗೌರಜ್ಜಿ ಹಿಂದಿನಿಂದ ಬೈದದ್ದು ಕೇಳಿಸಲೂ ಇಲ್ಲ.

ತೋಪಿನಲ್ಲಿ ಕೂತು, ದಾಕ್ಷಾಯಿಣಿ ಕಳಿಸಿದ ಫೈಲನ್ನು ಮೊದಲ ಸಲ ತೆರೆದು ಓದಿದ. ಸೊನ್ನೆ ಬಿಂದು ಆರು. ಸೊನ್ನೆ ಬಿಂದು ಏಳು. ಒಂದು ಬಿಂದು ಎರಡು. ಒಂದೊಂದೂ ಬಾವಿಯಿಂದ ಬಂದ ಅಂಕಿಯೇ, ಯಾವ ಅಂದಚೆಂದವೂ ಇಲ್ಲದ್ದು. ಬಿಳಿಕಲ್ಲಹಟ್ಟಿಯ ಮುಂದೆ ಮಾತ್ರ ಅಂಕಿ ಇರಲಿಲ್ಲ. 'ನೀರಿಲ್ಲ' ಎಂದು ಬರೆದಿತ್ತು.

ಆ ಒಂದು ಮಾತು ಸೇರಿದ್ದಕ್ಕೇ ಯಂತ್ರ ಇಡೀ ಕಾಲಮನ್ನು ಬರಹ ಎಂದುಕೊಂಡಿತ್ತು. ಬರಹಗಳನ್ನು ಸಾಲಾಗಿ ಜೋಡಿಸಿ, ಒಂದನೆಯದು, ಎರಡನೆಯದು ಎಂದು ನಂಬರು ಹಚ್ಚಿ ಇಟ್ಟುಕೊಂಡಿತ್ತು. ಇದನ್ನೆಲ್ಲ ಅಂಕಿ ಮಾಡು ಎಂದು ನಿಜಗುಣ ಕುಟ್ಟಿದಾಗ ಆ ನಂಬರುಗಳನ್ನೇ ತೆಗೆದು ಕೊಟ್ಟಿತು. ಅವನು ಬರೆಸಿದ್ದು ನೀರಿನ ಚಿತ್ರವಲ್ಲ, ಸರದಿಯ ಚಿತ್ರ. ಅಂಕಿಗಳೆಲ್ಲ ಆದ ಮೇಲೆ ಮಾತು. ಹಾಗಾಗಿ ಒಂದು ತೊಟ್ಟು ನೀರಿಲ್ಲದ ಬಾವಿ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿತ್ತು.

ಒಣ ಬಾಟಲಿಯೂ ಅದೇ ಬಾವಿಯದು.

ನಿಜಗುಣನಿಗೆ ನಾಚಿಕೆಯಾಯಿತು. ಇಷ್ಟು ಜನರನ್ನು ಶಂಕಿಸಿದವನು ತನ್ನ ಒಂದು ಸಾಲನ್ನು ಶಂಕಿಸಲಿಲ್ಲವಲ್ಲ.

ದಾಕ್ಷಾಯಿಣಿ ಒಳಗೆ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ.

"ತಪ್ಪಾಯ್ತು ದಾಕ್ಷಾಯಿಣಿ. ತಪ್ಪು ನನ್ನ ಪ್ರೋಗ್ರಾಮಿನದು. ನಿನ್ನದಲ್ಲ."

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ.

"ಅಮ್ಮನಿಗೂ ಹೇಳ್ತೀನಿ. ಎಲ್ಲರ ಎದುರಿಗೂ ಹೇಳ್ತೀನಿ."

"ಚಪ್ಪಲಿ ಬಗ್ಗೆಯೂ ಹೇಳಿದೆಯಂತೆ."

"ಹ್ಞೂಂ."

"ಹಳೇದು ಬಿಳಿಕಲ್ಲಹಟ್ಟಿ ದಾರೀಲಿ ಕಿತ್ತುಹೋಯ್ತು. ಮಿಕ್ಕ ದಾರಿ ಬರಿಗಾಲಲ್ಲಿ ನಡೆದೆ. ವಾಪಸ್ ಬರ್ತಾ ಸಂತೇಲಿ ಇದನ್ನ ತಗೊಂಡೆ." ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಕೇಳಿದ್ರೆ ಹೇಳ್ತಿದ್ದೆ, ನಿಜಗುಣ. ನೀನು ಕೇಳಲಿಲ್ಲ."

ಅವನು ಬಾಗಿಲು ಬಿಟ್ಟು ಕದಲಲಿಲ್ಲ. ಅವಳು ಚೀಲದಿಂದ ಒಂದೊಂದೇ ಬಟ್ಟೆ ಹೊರಗೆ ತೆಗೆಯತೊಡಗಿದ ಮೇಲೆ ಅಲ್ಲಿಂದ ಹೊರಟ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಹುಟ್ಟುಗುಣ ಅಷ್ಟು ಬೇಗ ಬಿಟ್ಟು ಹೋಗುತ್ತದೆಯೇ?

ಬಿಸಿಲು ಇಳಿಯುವ ಹೊತ್ತಿಗೆ ನಿಜಗುಣ ಹೊಸ ಚಿತ್ರ ತಂದು ಅಮ್ಮನ ಮುಂದೆ ಇಟ್ಟ. ಈಗ ಮೆಟ್ಟಿಲಿರಲಿಲ್ಲ. ಬಹಳಷ್ಟು ಕಂಬಗಳು ಗೆರೆಯ ಕೆಳಗೆ ಗಿಡ್ಡಕ್ಕೆ ನಿಂತಿದ್ದವು. ಹುಲ್ಲೇಕಟ್ಟೆ, ದಾಸನಕಟ್ಟೆ ಎರಡು ಮಾತ್ರ ಗೆರೆ ದಾಟಿ ಮೇಲೆದ್ದಿದ್ದವು.

"ಈಗ ಸರಿಯಾಗಿದೆ ಅಮ್ಮ. ಘಟಕ ಈ ಎರಡರಲ್ಲಿ ಒಂದಕ್ಕೆ ಹೋಗಬೇಕು. ನಾಳೆ ಇದನ್ನೇ ತೋರಿಸೋಣ."

"ಬಿಳಿಕಲ್ಲಹಟ್ಟಿ ಎಲ್ಲಪ್ಪ?"

ನಿಜಗುಣ ನೋಡಿದ. ಬೆಳಿಗ್ಗೆ ಎಲ್ಲಕ್ಕಿಂತ ಎತ್ತರಕ್ಕಿದ್ದ ಬಾವಿ ಈಗ ಚಿತ್ರದಲ್ಲೇ ಇರಲಿಲ್ಲ.

"ಅಲ್ಲಿ ಅಂಕಿ ಇಲ್ವಲ್ಲಮ್ಮ. ಈ ಸಲ ಸರದಿ ನಂಬರು ಬಿಟ್ಟು, ಬರೆದಿರೋದನ್ನೇ ಓದಿಸಿದೆ. ಮಾತನ್ನ ಅಂಕಿ ಮಾಡೋಕೆ ಹೋದ್ರೆ ಖಾಲಿ ಆಗುತ್ತೆ. ಖಾಲಿಯನ್ನ ಯಂತ್ರ ಬಿಟ್ಟುಬಿಡುತ್ತೆ."

"ಬಿಡುವಾಗ ನಿನಗೆ ಹೇಳಲಿಲ್ಲವಾ?"

"ಇಲ್ಲ."

"ಹೇಳಲಿಲ್ಲವೋ, ನೀನು ಹೇಳಗೊಡಲಿಲ್ಲವೋ?"

ನಿಜಗುಣನಿಗೊಂದು ಅಭ್ಯಾಸವಿತ್ತು. ಯಾವ ಪ್ರೋಗ್ರಾಮು ಬರೆಯಲಿ, ಎಚ್ಚರಿಕೆಗಳನ್ನು ತೋರಿಸಬೇಡ ಅನ್ನುವ ಆಜ್ಞೆಯನ್ನು ಮೊದಲ ಸಾಲಿನಲ್ಲೇ ಹಾಕುತ್ತಿದ್ದ. ಯಂತ್ರ ನಡುನಡುವೆ ಬಾಯಿ ಹಾಕುವುದು ಅವನಿಗೆ ಸೇರುತ್ತಿರಲಿಲ್ಲ. ಅಮ್ಮ ಬೆಳಿಗ್ಗೆ ಮೇಲಿನತನಕ ಸರಿಸಿ ನೋಡಿದ್ದು ಇದನ್ನೇ ಎಂದು ಈಗ ಹೊಳೆಯಿತು.

ಆ ಸಾಲನ್ನು ಅಳಿಸಿ ಮತ್ತೆ ಓಡಿಸಿದ. ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬಂತು. ಒಂದು ಸಾಲನ್ನು ಕೈಬಿಟ್ಟಿದ್ದೇನೆ ಎಂದು ಯಂತ್ರ ಹೇಳುತ್ತಿತ್ತು.

ಹೊಳೆಯ ಮೇಲೆ ತೆಪ್ಪ ಖಾಲಿ ಹೋಗುತ್ತಿತ್ತು.

ನಿಜಗುಣ ಕೆಮ್ಮಿದ.

"ಅಮ್ಮ, ಒಂದು ಕೇಳ್ತೀನಿ. ಬೈಬೇಡಿ."

"ಕೇಳು."

"ಅಂಕಿ ಇದ್ರೆ ಇನ್ನೊಂದು ಸಲ ನೀರು ತಂದು ಅಳೆದು ನೋಡಬಹುದು. ನೀರಿಲ್ಲ ಅಂತ ಬರೆದಿದ್ದನ್ನ ಏನಂತ ಅಳೆಯೋದು? ಆ ಹಟ್ಟಿ ಎಲ್ಲಕ್ಕಿಂತ ದೂರ. ಬಿಸಿಲು ಬೇರೆ. ಚಪ್ಪಲಿ ಕಿತ್ತುಹೋಗಿತ್ತು ಅಂತ ಅವಳೇ ಹೇಳಿದ್ಳು. ಅರ್ಧ ದಾರೀಲೇ ತಿರುಗಿ ಬಂದು ಹಾಗೆ ಬರೆದಿದ್ರೆ? ಅವಳು ಕೆಟ್ಟವಳು ಅಂತಲ್ಲ. ಯಾರಿಗಾದ್ರೂ ಸಾಕಾಗುತ್ತೆ."

ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ತನ್ನ ಮೇಲೆ ಬೇಸರ ಬಂತು. ಮಧ್ಯಾಹ್ನ ಅವಳ ಮುಂದೆ ತಪ್ಪಾಯ್ತು ಅಂದವನೂ ಇವನೇ. ಆದರೆ ಸಂಶಯ ಒಳಗಿತ್ತು, ಇಲ್ಲ ಎಂದು ಹೇಳಲು ಬರಲಿಲ್ಲ.

ಅಮ್ಮ ಸಿಟ್ಟಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದರು. ತಿರುಗಿ ಬರುವಾಗ ಎರಡು ಕೈಯಲ್ಲೂ ಒಂದೊಂದು ಖಾಲಿ ಕೊಡ. ಅವನ ಕಾಲ ಬಳಿ ಇಟ್ಟರು.

"ಇದೇನಮ್ಮ?"

"ನಮ್ಮ ಬಾವೀಲಿ ಸೇದಿ ಎರಡೂ ತುಂಬಿಸಿಡು. ಬೆಳಗಾಗ್ತಿದ್ದ ಹಾಗೆ ಬಿಳಿಕಲ್ಲಹಟ್ಟಿಗೆ ಹೊತ್ಕೊಂಡು ಹೋಗು. ಹಿರಿಯರು ಬಂದ್ರೆ ನೀನು ಬರೋತನಕ ನಾನು ಕೂರಿಸ್ಕೊಂಡಿರ್ತೀನಿ."

"ಅಷ್ಟು ದೂರ, ತುಂಬಿದ ಕೊಡ ಹೊತ್ತು?"

"ಹೌದು."

"ಅಂದ್ರೆ ನಾನು ಅವಳನ್ನ ನಂಬಬೇಕು ಅಂತಲಾ?"

"ನಂಬು ಅಂತ ನಾನೆಲ್ಲಿ ಅಂದೆ?" ಅಂದರು ಅಮ್ಮ. "ಅವಳು ಬರೆದದ್ದು ಸುಳ್ಳಾಗಿದ್ರೆ, ಎರಡು ಕೊಡ ನೀರನ್ನೂ ಹಾಗೇ ವಾಪಸ್ ಹೊತ್ಕೊಂಡು ಬಾ."